ಮೂಲಣ್ಣ ಹಾಕಿಸಿದ ಬೋರ್ಡು

ಕನ್ನಡಕದ ಅಂಗಡಿಯ ಯಜಮಾನನಿಗೆ ನಮ್ಮ ಬೀದಿಯಲ್ಲಿ ಮೂಲಣ್ಣ ಎಂದು ಹೆಸರು. ಹೆತ್ತವರು ಇಟ್ಟದ್ದಲ್ಲ, ಬೀದಿ ಇಟ್ಟದ್ದು. ಯಾವ ಇಂಗ್ಲಿಷ್ ಪದ ಕಿವಿಗೆ ಬಿದ್ದರೂ ಅವನು ಕೂಡಲೇ, "ಅದರ ಮೂಲ ಏನು ಗೊತ್ತಾ?" ಎನ್ನುತ್ತಿದ್ದ. ಗೊತ್ತಿಲ್ಲ ಎಂದವರಿಗೆ ಹೇಳುತ್ತಿದ್ದ. ಗೊತ್ತು ಎಂದವರಿಗೆ ಇನ್ನೂ ವಿವರವಾಗಿ ಹೇಳುತ್ತಿದ್ದ. ಹೊಸದಾಗಿ ಬಾಡಿಗೆಗೆ ಬಂದಿದ್ದ ನರ್ಸ್ ಒಬ್ಬಳು, ಅವರಿಗೆ ಮೂಲದ ಕಾಯಿಲೆ ಎಂದು ಯಾರೋ ಅಂದದ್ದನ್ನು ಕೇಳಿಸಿಕೊಂಡು, ಕುಳಿತುಕೊಳ್ಳಲು ಅನುಕೂಲವಾಗಲಿ ಎಂದು ಗಾಳಿ ತುಂಬಿದ ರಬ್ಬರ್ ಬಳೆಯೊಂದನ್ನು ತಂದುಕೊಟ್ಟು, ನಾಚಿಕೊಳ್ಳದೆ ಬೇಗ ಡಾಕ್ಟರಿಗೆ ತೋರಿಸಿ ಎಂದು ಬುದ್ಧಿ ಹೇಳಿ ಹೋಗಿದ್ದಳು. ಮೂಲಣ್ಣನ ಹೆಂಡತಿ ಆಮೇಲೆ ಎಷ್ಟೋ ದಿನ ಬೀದಿಯಲ್ಲಿ ತಲೆ ಎತ್ತಿ ನಡೆಯಲಿಲ್ಲ.

ಈ ವಿದ್ಯೆಯೆಲ್ಲ ಬಂದದ್ದು ಒಂದೇ ಒಂದು ನಿಘಂಟಿನಿಂದ. ಇಂಗ್ಲಿಷ್ ಪದಗಳ ಹುಟ್ಟು, ಬೆಳವಣಿಗೆ, ನೆಂಟಸ್ತಿಕೆಗಳನ್ನು ಹೇಳುವ ಆ ದಪ್ಪ ಪುಸ್ತಕವನ್ನು ಯಾರೋ ಗಿರಾಕಿ ಅಂಗಡಿಯಲ್ಲಿ ಮರೆತುಹೋಗಿದ್ದ. ಅಷ್ಟು ದಪ್ಪದ್ದನ್ನು ಮರೆಯಲು ಸಾಧ್ಯವೇ ಇಲ್ಲ, ಹೊರಲಾರದೆ ಬಿಟ್ಟುಹೋಗಿರಬೇಕು ಎಂಬುದು ಹೆಂಡತಿಯ ಅಭಿಪ್ರಾಯ.

ಇನ್ನು ಅವನ ಮನೆಯ ವಿಚಾರ. ಅದು ಎರಡು ಬೀದಿಗಳ ನಡುವೆ ಸಿಕ್ಕಿಕೊಂಡ ಮನೆ. ಮುಖ ನಮ್ಮ ಬೀದಿಗೆ, ಬೆನ್ನು ಹಿಂದಿನ ಬೀದಿಗೆ. ಪಕ್ಕದಲ್ಲಿ ಕಬ್ಬಿಣದ ಗೇಟು, ಗೇಟಿನೊಳಗೆ ಉದ್ದನೆಯ ಅಂಗಳ, ಅಂಗಳದ ಕೊನೆಗೆ ಹಿಂದಿನ ಬೀದಿಗೆ ತೆರೆಯುವ ಪುಟ್ಟ ಬಾಗಿಲು. ಈ ದಾರಿಯಲ್ಲಿ ಹೋದರೆ ಹಿಂದಿನ ಬೀದಿ ಇಲ್ಲೇ ಪಕ್ಕ. ಅದನ್ನು ಬಿಟ್ಟರೆ ಮೇನ್ ರೋಡಿಗೆ ಹೋಗಿ ಸುತ್ತಬೇಕು. ಅಲ್ಲಿ ನಮ್ಮ ಬದಿಯ ಫುಟ್‌ಪಾತನ್ನು ಪೈಪ್ ಹಾಕಲೆಂದು ಅಗೆದು, ಅಡ್ಡಲಾಗಿ ತಗಡು ನಿಲ್ಲಿಸಿ, ಅಗೆದವರು ಎತ್ತಲೋ ಹೋಗಿಬಿಟ್ಟಿದ್ದರು. ಆದ್ದರಿಂದ ರಸ್ತೆ ದಾಟಿ ಆಚೆ ಬದಿಗೆ ಹೋಗಿ, ಅಷ್ಟು ದೂರ ನಡೆದು, ಮತ್ತೆ ದಾಟಿ ಈಚೆಗೆ ಬರಬೇಕು. ಆ ರಸ್ತೆಯಲ್ಲಿ ಸಿಗ್ನಲ್ ಇರಲಿಲ್ಲ. ಲಾರಿಗಳು ಮಾತ್ರ ಬೇಕಾದಷ್ಟಿದ್ದವು. ಹಾಗಾಗಿ ಬೀದಿಗೆ ಬೀದಿಯೇ ಮೂಲಣ್ಣನ ಅಂಗಳದಲ್ಲಿ ಓಡಾಡುತ್ತಿತ್ತು.

ಅವನೂ ಅದನ್ನು ಸಹಿಸಿಕೊಂಡೇ ಇದ್ದ. ಆದರೆ ಅವನಿಗೆ ಅಂಗಳದ ಗೋಡೆಗೆ ಕನ್ನಡಿ ನೇತುಹಾಕಿ, ಬೆಳಗಿನ ಬೆಳಕಿನಲ್ಲಿ ಗಡ್ಡ ಕೆರೆದುಕೊಳ್ಳುವ ಅಭ್ಯಾಸ. ಒಂದು ದಿನ ಅವನು ಮೀಸೆಯ ಅಂಚನ್ನು ತಿದ್ದುತ್ತಿರುವಾಗ ಸಿಲಿಂಡರ್ ಹೊತ್ತುಕೊಂಡು ಬಂದ ಗ್ಯಾಸಿನವನು ಬೆನ್ನ ಹಿಂದಿನಿಂದ, "ಸ್ವಲ್ಪ ಸರೀರಿ ಸಾರ್," ಅಂದ. ಮೂಲಣ್ಣ ಸರಿದ. ಅವನ ಜೊತೆಗೆ ಬ್ಲೇಡೂ ಸರಿಯಿತು. ಅರ್ಧ ಮೀಸೆ ನೆಲಕ್ಕೆ ಬಿತ್ತು. ಅರ್ಧ ಮೀಸೆಯಲ್ಲಿ ಅಂಗಡಿ ತೆರೆಯುವಂತಿರಲಿಲ್ಲವಾದ್ದರಿಂದ ಉಳಿದದ್ದನ್ನೂ ತೆಗೆಯಬೇಕಾಯಿತು. ಅವತ್ತು ಹಳೆಯ ಗಿರಾಕಿಯೊಬ್ಬರು ಅಂಗಡಿಗೆ ಬಂದು, ಅವನನ್ನೇ ದಿಟ್ಟಿಸಿ ನೋಡಿ, ಯಜಮಾನರು ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಕೇಳಿದರು.

ಅವತ್ತೇ ಸಂಜೆ ಅವನು ಬೋರ್ಡ್ ಬರೆಯುವ ಪೇಂಟರನ್ನು ಹುಡುಕಿಕೊಂಡು ಹೋದ. ಬರೆಸಬೇಕಾದದ್ದು "ನೋ ಟ್ರೆಸ್‌ಪಾಸ್" ಎಂದು, ಇಂಗ್ಲಿಷ್ ಅಕ್ಷರಗಳಲ್ಲಿ. ಒಳಗೆ ಬರಬೇಡಿ ಎಂದು ಕನ್ನಡದಲ್ಲೇ ಬರೆಸಿದರೆ ಸಾಲದೇ ಎಂದು ಹೆಂಡತಿ ಕೇಳಿದಳು. ಕನ್ನಡದಲ್ಲಿ ಬರೆದರೆ ಜನ ಯಾಕೆ ಅಂತ ಕೇಳುತ್ತಾರೆ, ಇಂಗ್ಲಿಷಿನಲ್ಲಿದ್ದರೆ ಸುಮ್ಮನೆ ತಿರುಗಿ ಹೋಗುತ್ತಾರೆ ಎಂದು ಅವನು ತಿಳಿಹೇಳಿದ.

ಪೇಂಟರ್ ಹೆಚ್ಚಾಗಿ ವಿದ್ಯುತ್ ಕಚೇರಿಗೆ ಕೆಲಸ ಮಾಡುವವನು. ತಗಡಿನ ಮೇಲೆ ಕೆಂಪು ಬಣ್ಣದಲ್ಲಿ ಅಕ್ಷರ ಬರೆದು ಮುಗಿಸಿದ ಮೇಲೆ ಕೆಳಗೆ ಜಾಗ ಉಳಿದಿತ್ತು. ಬೋಳು ಬೋಳಾಗಿ ಕಾಣಬಾರದೆಂದು, ಯಾರೂ ಹೇಳದಿದ್ದರೂ ಅಲ್ಲಿ ಒಂದು ತಲೆಬುರುಡೆ, ಅದರ ಕೆಳಗೆ ಎರಡು ಮೂಳೆ ಬರೆದುಬಿಟ್ಟ. ಅದು ಪುಕ್ಕಟೆ ಎಂದೂ ಹೇಳಿದ. ಮೂಲಣ್ಣ ಬೋರ್ಡನ್ನು ಗೇಟಿಗೆ ಕಟ್ಟಿ, ಹಿಂದೆ ಸರಿದು ನಿಂತು ನೋಡಿದ. ಹೆಂಡತಿಯೂ ನೋಡಿದಳು. ಮನೆಯಲ್ಲಿ ಮೀಸೆ ಇಲ್ಲದ ಮುಖ ಎರಡಾದವು ಎಂದಷ್ಟೇ ಹೇಳಿ ಒಳಗೆ ಹೋದಳು.

ಬೋರ್ಡ್ ಬಗ್ಗೆ ಮೊದಲು ಕೇಳಿದವನು ಪಕ್ಕದ ಮನೆಯ ಬಸ್ ಕಂಡಕ್ಟರ್. ಅವನು ಕೇಳುವುದಕ್ಕೆ ಕಾರಣವಿತ್ತು. ಬೀದಿಗೆಲ್ಲ ಅಜ್ಜಿಯಾಗಿದ್ದ ಅವನ ತಾಯಿಗೆ ಒಬ್ಬಳು ತಂಗಿ. ಸೊಂಟದ ಮೂಳೆ ಮುರಿದುಕೊಂಡು ಹಿಂದಿನ ಬೀದಿಯ ಮನೆಯಲ್ಲಿ ಮಲಗಿದ್ದಳು. ಅಜ್ಜಿ ದಿನಾ ಊಟವಾದ ಮೇಲೆ ಕೋಲೂರಿಕೊಂಡು ಮೂಲಣ್ಣನ ಅಂಗಳ ಹಾದು ತಂಗಿಯ ಮನೆಗೆ ಹೋಗಿ, ಅವಳ ತಲೆ ಬಾಚಿ, ಸಂಜೆಯ ತನಕ ಅದೂ ಇದೂ ಮಾತಾಡಿಕೊಂಡಿದ್ದು ಬರುತ್ತಿದ್ದಳು. ಬೇರೆ ಯಾರು ಬಾಚಿದರೂ ಆ ತಂಗಿಗೆ ತಲೆ ನೋಯುತ್ತಿತ್ತಂತೆ.

ಕಂಡಕ್ಟರ್ ಬೋರ್ಡಿನ ಮುಂದೆ ನಿಂತು ಅಕ್ಷರ ಕೂಡಿಸಿಕೊಂಡು ಓದಿದ. ಅವನ ವೃತ್ತಿಗೆ ಸೇರಿದ ಒಂದು ಪದ ಅದರಲ್ಲಿ ಕಂಡಿತು.

"ಪಾಸ್ ಇದ್ದವರು ಹೋಗಬಹುದಾ ಅಣ್ಣ? ಅಮ್ಮಂಗೆ ಹಿರಿಯ ನಾಗರಿಕರ ಪಾಸ್ ಇದೆ," ಎಂದು ಕೇಳಿದ.

ಅಜ್ಜಿ ಧಾರಾಳವಾಗಿ ಬರಲಿ, ಇದು ಗ್ಯಾಸಿನವನಿಗಾಗಿ ಹಾಕಿದ್ದು. ಇಷ್ಟು ಹೇಳಿದ್ದರೆ ಆಗಿಹೋಗುತ್ತಿತ್ತು. ಹೇಳುವ ಮನಸ್ಸೂ ಮೂಲಣ್ಣನಿಗೆ ಇತ್ತು. ಆದರೆ ಇಷ್ಟು ವರ್ಷಗಳಲ್ಲಿ ಒಂದು ಪದದ ಅರ್ಥವನ್ನು ತಾನಾಗಿಯೇ ಬಂದು ಕೇಳಿದ ಮೊದಲ ಮನುಷ್ಯ ಇವನು. ಆ ಸಂಭ್ರಮದಲ್ಲಿ ಹೇಳಬೇಕಾದ ಮಾತು ಮರೆತೇಹೋಯಿತು.

"ಇದು ನಿಮ್ಮ ಬಸ್ಸಿನ ಪಾಸ್ ಅಲ್ಲಪ್ಪ. ಅದಕ್ಕೂ ಇದಕ್ಕೂ ಬೇರು ಒಂದೇ ಅನ್ನು. ಪಾಸ್ ಅಂದ್ರೆ ಹಾದುಹೋಗೋದು. ಟ್ರೆಸ್ ಅಂದ್ರೆ ಆಚೆಗೆ. ಆಚೆಗೆ ದಾಟಿಹೋಗೋದು. ಅಲ್ಲಿಂದ ಪಾಪ ಮಾಡೋದು ಅನ್ನೋ ಅರ್ಥ ಬಂತು. ಹಳೇ ಫ್ರೆಂಚಲ್ಲಿ ಇದೇ ಮಾತಿಗೆ ಇನ್ನೊಂದು ಅರ್ಥ ಇದೆ, ಗೊತ್ತಾ?"

ಕಂಡಕ್ಟರ್ ಗೊತ್ತಿಲ್ಲ ಎಂದ.

"ಸಾಯೋದು. ಈ ಕಡೆಯಿಂದ ಆ ಕಡೆಗೆ ದಾಟೇಬಿಡೋದು. ನೋಡು ಎಷ್ಟು ಚೆನ್ನಾಗಿದೆ."

ಕಂಡಕ್ಟರ್ ಬೋರ್ಡಿನ ಕಡೆ ನೋಡಿದ. ತಲೆಬುರುಡೆ ಹಲ್ಲು ಕಿರಿಯಿತು. ಅವನು ಮತ್ತೇನೂ ಕೇಳದೆ ಮನೆಗೆ ಹೋಗಿ, ಇನ್ನು ಮುಂದೆ ಆ ಗೇಟಿನೊಳಗೆ ಕಾಲಿಡಕೂಡದು, ಹೋಗಲೇಬೇಕೆಂದರೆ ಸುತ್ತು ಹಾಕಿ ಹೋಗು ಎಂದು ತಾಯಿಗೆ ಕಟ್ಟಪ್ಪಣೆ ಮಾಡಿದ. ಪಕ್ಕದ ಮನೆಯವರು ದಾಟಿದರೆ ಸಾಯುತ್ತಾರೆ ಎಂದು ಬೋರ್ಡ್ ಹಾಕಿ, ಅದನ್ನು ನಗುನಗುತ್ತಾ ವಿವರಿಸುವ ಮನುಷ್ಯನನ್ನು ಅವನು ತನ್ನ ಸರ್ವಿಸಿನಲ್ಲೇ ಕಂಡಿರಲಿಲ್ಲ.

ದಾಟಿದರೆ ಹೇಗೆ ಸಾಯುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಬೀದಿ ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. ಬೀದಿಯ ಸುದ್ದಿಯೆಲ್ಲ ಸೇರುವ ಟೈಲರಮ್ಮನ ಹೊಲಿಗೆ ಮೆಷಿನ್ನಿನ ಮುಂದೆ ಆ ಸಂಜೆಯೇ ತೀರ್ಮಾನವಾಯಿತು. ಕಬ್ಬಿಣದ ಗೇಟು, ಕೆಂಪು ಅಕ್ಷರ, ತಲೆಬುರುಡೆ, ಇಷ್ಟಿದ್ದ ಮೇಲೆ ಇನ್ನೇನು, ಗೇಟಿಗೆ ಕರೆಂಟ್ ಬಿಟ್ಟಿದ್ದಾರೆ. ಮರುದಿನದಿಂದ ಗ್ಯಾಸಿನವನು ಸಿಲಿಂಡರನ್ನು ಬೀದಿಯ ತುದಿಯಲ್ಲೇ ಇಳಿಸಿ, ಬೇಕಾದವರು ಉರುಳಿಸಿಕೊಂಡು ಹೋಗಿ ಎಂದ. ಪೋಸ್ಟ್‌ಮ್ಯಾನ್ ಮೂಲಣ್ಣನ ಕಾಗದಗಳನ್ನು ದೂರದಿಂದ ಎಸೆಯಲು ಶುರುಮಾಡಿದ. ಅಂಗಳದಲ್ಲಿ ಈಗ ಯಾರೂ ಓಡಾಡುತ್ತಿರಲಿಲ್ಲ. ಮೂಲಣ್ಣ ನಿಶ್ಚಿಂತೆಯಿಂದ ಗಡ್ಡ ಕೆರೆದುಕೊಳ್ಳುತ್ತಾ, ಬರೆದ ಒಂದು ಪದಕ್ಕೆ ಎಷ್ಟು ಶಕ್ತಿಯಿದೆ ನೋಡು ಎಂದು ಹೆಂಡತಿಗೆ ತೋರಿಸಿದ.

ಕರೆಂಟಿನ ಸುದ್ದಿ ವಿದ್ಯುತ್ ಕಚೇರಿಗೂ ಹೋಗಿ, ಅಲ್ಲಿಂದ ಲೈನ್‌ಮ್ಯಾನ್ ಬಂದ. ಗೇಟಿನಿಂದ ಮಾರು ದೂರದಲ್ಲಿ ನಿಂತು, ಗೇಟಿನಲ್ಲಿ ಕರೆಂಟ್ ಇದೆಯೋ ಇಲ್ಲವೋ ಎಂದು ನೇರವಾಗಿ ಕೇಳಿದ. ಮೂಲಣ್ಣನಿಗೆ ಇಲ್ಲ ಎಂದರೆ ಸಾಕಿತ್ತು. ಆದರೆ ಕರೆಂಟ್ ಎಂಬ ಪದದ ಮೂಲ ಓಡುವುದು, ಆ ಲೆಕ್ಕದಲ್ಲಿ ಇಲ್ಲಿ ಮೊದಲಿನಿಂದಲೂ ಕರೆಂಟ್ ಇತ್ತು, ಬೀದಿಯೆಲ್ಲ ಇಲ್ಲೇ ಓಡುತ್ತಿತ್ತಲ್ಲ ಎಂದು ಚಮತ್ಕಾರವಾಗಿ ಹೇಳಿದ. ಲೈನ್‌ಮ್ಯಾನ್ ಮುಖ ಗಂಭೀರವಾಯಿತು. ರಬ್ಬರ್ ಚಪ್ಪಲಿ ಗಟ್ಟಿಯಾಗಿ ಮೆಟ್ಟಿಕೊಂಡು, ಟೆಸ್ಟರ್ ಹಿಡಿದ ಕೈಯನ್ನು ಉದ್ದಕ್ಕೆ ಚಾಚಿ, ಮುಖ ಬೇರೆ ಕಡೆ ತಿರುಗಿಸಿ ಗೇಟಿಗೆ ತಾಗಿಸಿದ. ಟೆಸ್ಟರ್ ಬೆಳಗಲಿಲ್ಲ. ಅವನು ಟೈಲರಮ್ಮನ ಹತ್ತಿರ ಹೋಗಿ, ತಾನು ಬರುವುದನ್ನು ನೋಡಿ ಆಫ್ ಮಾಡಿದ್ದಾರೆ, ಕರೆಂಟ್ ಇತ್ತು ಎಂದು ಬಾಯಿಬಿಟ್ಟು ಒಪ್ಪಿಕೊಂಡಿದ್ದಾರೆ, ಹುಷಾರಾಗಿರಿ ಎಂದು ಹೇಳಿಹೋದ.

ಇಷ್ಟಾದ ಮೇಲೆ ಬಂತು ಅಂಗಡಿಗೆ ರಜೆಯ ದಿನ. ಮಧ್ಯಾಹ್ನ ಊಟ ಮುಗಿಸಿ ಮೂಲಣ್ಣ ಮುಂದಿನ ಕೋಣೆಯಲ್ಲಿ ನಿಘಂಟು ತೆರೆದು ಕುಳಿತಿದ್ದ. ಹೆಂಡತಿ ಬಾಗಿಲ ಬಳಿ ಬಂದು ಏನೋ ಕೇಳಿದಳು. ಅವನು ಹೂಂ ಎಂದ. ಆಮೇಲೆ ಮನೆ ನಿಶ್ಶಬ್ದವಾಯಿತು. ನಿಶ್ಶಬ್ದ ಓದುವುದಕ್ಕೆ ಒಳ್ಳೆಯದೇ ಆದ್ದರಿಂದ ಅವನು ಅದರ ಬಗ್ಗೆ ಯೋಚಿಸಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಡ್ಯೂಟಿ ಮುಗಿಸಿ ಬಂದ ಕಂಡಕ್ಟರಿಗೆ ಮನೆಯಲ್ಲಿ ತಾಯಿ ಕಾಣಲಿಲ್ಲ. ಚಿಕ್ಕಮ್ಮನ ಮನೆಗೆ ಹೋಗಿದ್ದಾರೆ ಎಂದು ಹೆಂಡತಿ ಹೇಳಿದಳು. ಯಾಕೋ ಸಮಾಧಾನವಾಗದೆ ಅಲ್ಲಿಗೆ ಫೋನ್ ಮಾಡಿದ. ಅಕ್ಕ ಇವತ್ತೂ ಬಂದೇ ಇಲ್ಲ, ತಲೆ ಬಾಚಿಸಿಕೊಳ್ಳದೆ ಕಾಯುತ್ತಾ ಇದ್ದೇನೆ ಎಂದು ಚಿಕ್ಕಮ್ಮ ಅತ್ತುಬಿಟ್ಟಳು. ಕಂಡಕ್ಟರ್ ಹೊರಗೆ ಓಡಿಬಂದ. ಬಂದವನಿಗೆ ಮೊದಲು ಕಂಡದ್ದು ಮೂಲಣ್ಣನ ಗೇಟು. ಗೇಟಿಗೆ ಒರಗಿಕೊಂಡು, ತಲೆಬುರುಡೆಯ ಕೆಳಗೆ, ಅವನ ತಾಯಿಯ ಕೋಲು ನಿಂತಿತ್ತು.

ಕೋಲು ಇದೆ, ಅಜ್ಜಿ ಇಲ್ಲ. ಸುದ್ದಿ ಬೀದಿಯ ಆ ತುದಿ ಮುಟ್ಟಿ ವಾಪಸ್ ಬರುವುದರೊಳಗೆ ಜನ ಸೇರಿಬಿಟ್ಟರು. ಗೇಟಿನ ಹತ್ತಿರಕ್ಕೆ ಯಾರೂ ಹೋಗಲಿಲ್ಲ. ಕೋಲು ಮರದ್ದು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ ಎಂದು ಯಾರೋ ಧೈರ್ಯ ಹೇಳಿದರು. ಹಿಡಿಗೆ ತಗಡು ಸುತ್ತಿದೆಯಲ್ಲ ಎಂದು ಟೈಲರಮ್ಮ ತೋರಿಸಿದಳು. ಆಮೇಲೆ ಯಾರೂ ಧೈರ್ಯ ಹೇಳಲಿಲ್ಲ. ಒಬ್ಬಿಬ್ಬರು ಗೇಟಿನ ಸಂದಿನಿಂದ ಬಗ್ಗಿ, ನೆಲದ ಮೇಲೆ ಬೂದಿ ಏನಾದರೂ ಬಿದ್ದಿದೆಯೇ ಎಂದು ನೋಡಿದರು. ಕಂಡಕ್ಟರ್ ರಸ್ತೆಯಲ್ಲೇ ಕುಸಿದು ಕೂತಿದ್ದ. ಅವನ ಹೆಂಡತಿ ಪೊಲೀಸರಿಗೆ ಫೋನ್ ಮಾಡಿದಳು.

ಗಲಾಟೆ ಕೇಳಿ ಹೊರಗೆ ಬಂದ ಮೂಲಣ್ಣನನ್ನು ಕಂಡು ಜನ ಎರಡು ಹೆಜ್ಜೆ ಹಿಂದೆ ಸರಿದರು. ಗೌರವಕ್ಕೆ ಸರಿದದ್ದಲ್ಲ ಎಂದು ಅವನಿಗೂ ಗೊತ್ತಾಯಿತು. ವಿಷಯ ತಿಳಿದ ಮೇಲೆ ಏನು ಮಾಡಬೇಕೆಂದು ತೋಚದೆ ಬಾಮೈದನಿಗೆ ಫೋನ್ ಮಾಡಿದ. ಬಾಮೈದ ವಕೀಲರೊಬ್ಬರ ಆಫೀಸಿನಲ್ಲಿ ಗುಮಾಸ್ತ. ಸ್ಕೂಟರಿನಲ್ಲಿ ಹಾರಿಬಂದವನೇ ಅವನನ್ನು ಮೂಲೆಗೆ ಎಳೆದು ಹೇಳಿದ.

"ಭಾವ, ಬೋರ್ಡ್ ಏನು ಅಂತ ಕೇಳಿದ್ರೆ ಒಳಗೆ ಬರಬೇಡಿ ಅಂತ ಅಷ್ಟೇ ಹೇಳಿ. ಅದರ ಮೇಲೆ ಒಂದು ಅಕ್ಷರ ಬಾಯಿಂದ ಬರಬಾರದು. ಅಕ್ಕನ ಮೇಲೆ ಆಣೆ."

ಮೂಲಣ್ಣ ತಲೆ ಅಲ್ಲಾಡಿಸಿದ. ಅಷ್ಟರಲ್ಲಿ ಜೀಪು ಬಂತು.

ಇನ್ಸ್‌ಪೆಕ್ಟರ್ ಸಾಹೇಬರು ಇಳಿದು, ಜನರನ್ನು ನೋಡಿದರು, ಕೋಲನ್ನು ನೋಡಿದರು, ಬೋರ್ಡನ್ನು ನೋಡಿದರು. ಲಾಠಿಯ ತುದಿಯಿಂದ ಗೇಟನ್ನು ತಳ್ಳಿದರು. ಗೇಟು ಕಿರ್ರೆಂದು ತೆರೆದುಕೊಂಡಿತು. ಯಾರಿಗೂ ಏನೂ ಆಗಲಿಲ್ಲ. ಪೇದೆಯೊಬ್ಬ ಒಳಗೆ ಹೋಗಿ ಅಂಗಳವೆಲ್ಲ ಹುಡುಕಿ, ಯಾರೂ ಇಲ್ಲ ಎಂದು ಕೈ ಆಡಿಸಿದ. ಸಾಹೇಬರು ಮೂಲಣ್ಣನನ್ನು ಹತ್ತಿರ ಕರೆದು ಬೋರ್ಡಿನ ಅರ್ಥ ಕೇಳಿದರು.

"ಒಳಗೆ ಬರಬೇಡಿ ಅಂತ, ಸಾರ್," ಎಂದ ಮೂಲಣ್ಣ.

ಬಾಮೈದ ಉಸಿರು ಬಿಟ್ಟ. ಸಾಹೇಬರೂ ತೃಪ್ತರಾದಂತೆ ಕಂಡರು. ಪಕ್ಕಕ್ಕೆ ತಿರುಗುತ್ತಾ, ಸುಮ್ಮನೆ ಬಾಯಿಮಾತಿಗೆ, "ಅಷ್ಟೇನಾ?" ಎಂದರು.

ಮೂಲಣ್ಣನ ಮುಖ ಕೆಂಪಾಯಿತು. ಬಾಮೈದ ಅವನ ಸೊಂಟ ಚಿವುಟಿದ. ಮೂಲಣ್ಣ ತುಟಿ ಕಚ್ಚಿದ, ಆಕಾಶ ನೋಡಿದ, ಒಮ್ಮೆ ಕೆಮ್ಮಿದ. ಒಂದು ಪದಕ್ಕೆ ಅಷ್ಟೇ ಅರ್ಥ ಎಂದು ಒಪ್ಪಿಕೊಳ್ಳುವುದು ಅವನ ಕೈಲಿ ಆಗದ ಕೆಲಸ.

"ಇಲ್ಲ ಸಾರ್. ಮೂಲದಲ್ಲಿ..." ಎಂದ.

ಬಾಮೈದ ಹೋಗಿ ತನ್ನ ಸ್ಕೂಟರಿಗೆ ಆತುಕೊಂಡು ನಿಂತ.

ಎಲ್ಲವೂ ಹೊರಗೆ ಬಂತು. ದಾಟುವುದು, ಪಾಪ ಮಾಡುವುದು, ಸಾಯುವುದು, ಯಾವುದೂ ಉಳಿಯಲಿಲ್ಲ. ಸಾಹೇಬರಿಗೆ ನಂಬಿಕೆ ಬರದಿದ್ದರೆ ಎಂದು ತಾನೇ ಒಳಗೆ ಓಡಿ ನಿಘಂಟು ತಂದು, ಜೀಪಿನ ಬಾನೆಟ್ಟಿನ ಮೇಲೆ ತೆರೆದಿಟ್ಟು, ಆ ಸಾಲಿನ ಕೆಳಗೆ ಬೆರಳಿಟ್ಟು ತೋರಿಸಿದ. ಸಾಹೇಬರು ನಿಧಾನವಾಗಿ ಓದಿದರು. ಓದಿ ಮುಗಿಸಿ ತಲೆ ಎತ್ತಿದಾಗ ಅವರ ದನಿ ತಣ್ಣಗಾಗಿತ್ತು.

"ಅಂದ್ರೆ ಅರ್ಥ ಗೊತ್ತಿದ್ದೇ ಹಾಕಿಸಿದ್ದೀರಿ."

ಆಗ ಮೊದಲ ಸಲ ಮೂಲಣ್ಣನಿಗೆ ತಾನು ನಿಂತಿರುವ ನೆಲದ ಅಂದಾಜು ಸಿಕ್ಕಿತು. ಅವನು ನಿಘಂಟನ್ನು ಮುಚ್ಚಿದ. ಮಧ್ಯಾಹ್ನ ಅಜ್ಜಿ ಬಂದದ್ದನ್ನು ಮನೆಯಲ್ಲಿ ಯಾರಾದರೂ ನೋಡಿದ್ದಾರೆಯೇ, ನಿಮ್ಮ ಮನೆಯವರನ್ನು ಕರೆಯಿರಿ ಎಂದರು ಸಾಹೇಬರು. ಮೂಲಣ್ಣ ಕರೆದ. ಉತ್ತರ ಬರಲಿಲ್ಲ. ಒಳಗೆ ಹೋಗಿ ಅಡುಗೆಮನೆ, ಬಚ್ಚಲು, ಮಹಡಿ ನೋಡಿ ಬಂದ. ಹೆಂಡತಿಗೆ ಫೋನ್ ಮಾಡಿದ. ಅವಳ ಫೋನು ಅಡುಗೆಮನೆಯ ಕಿಟಕಿಯ ಹತ್ತಿರ ಚಾರ್ಜಿಗೆ ಹಾಕಿದಲ್ಲೇ ಹೊಡೆದುಕೊಂಡಿತು. ಬೀದಿಯವರೆಲ್ಲ ನಿಂತು ಆ ಸದ್ದನ್ನು ಕೇಳಿಸಿಕೊಂಡರು. ಕೊನೆಗೆ ಅದೂ ನಿಂತಿತು.

"ಎಲ್ಲಿಗೆ ಹೋಗಿದ್ದಾರೆ?" ಎಂದು ಕೇಳಿದರು ಸಾಹೇಬರು.

"ಗೊತ್ತಿಲ್ಲ ಸಾರ್."

"ಹೇಳಿ ಹೋಗಲಿಲ್ವಾ?"

"ಏನೋ ಕೇಳಿದಳು. ನಾನು ಹೂಂ ಅಂದೆ."

"ಏನು ಕೇಳಿದ್ರು?"

"ಅದು ಕೇಳಿಸಲಿಲ್ಲ."

"ಕೇಳಿಸದೇ ಇದ್ದಿದ್ದಕ್ಕೆ ಹೂಂ ಅಂದ್ರಾ?"

ಮೂಲಣ್ಣ ನೆಲ ನೋಡಿದ. ಗುಂಪಿನಲ್ಲಿದ್ದ ಕೆಲವು ಗಂಡಸರೂ ಯಾಕೋ ನೆಲ ನೋಡತೊಡಗಿದರು. ಈಗ ಕಾಣೆಯಾದ ಹೆಂಗಸರು ಇಬ್ಬರಾದರು. ಬಾಮೈದ ಸ್ಕೂಟರ್ ಬಿಟ್ಟು ಹತ್ತಿರ ಬಂದ. ಅವನ ಮುಖದಲ್ಲಿ ಗುಮಾಸ್ತ ಹೋಗಿ ತಮ್ಮ ಬಂದಿದ್ದ. ಅಕ್ಕ ಎಲ್ಲಿ ಎಂದು ಅವನೂ ಕೇಳಿದ. ಪೇದೆ ಜೀಪಿನ ಹಿಂದಿನ ಬಾಗಿಲು ತೆರೆದು ಹಿಡಿದುಕೊಂಡ.

ಅಷ್ಟು ಹೊತ್ತಿಗೆ ಸಾಹೇಬರಿಗೆ ಒಂದು ಯೋಚನೆ ಹೊಳೆಯಿತು. ಈ ದಾರಿ ಬಿಟ್ಟರೆ ಮುದುಕಿ ತಂಗಿಯ ಮನೆಗೆ ಯಾವ ದಾರಿಯಲ್ಲಿ ಹೋಗಬೇಕು ಎಂದು ಕಂಡಕ್ಟರನ್ನು ಕೇಳಿದರು. ಕಂಡಕ್ಟರ್ ಮೇನ್ ರೋಡ್ ಎಂದ. ಹೇಳಿದ ಮೇಲೆ ತಾನು ಹೇಳಿದ್ದು ಅವನಿಗೇ ಕೇಳಿಸಿತು. ಸುತ್ತು ಹಾಕಿ ಹೋಗು ಎಂದು ತಾಯಿಗೆ ಅಪ್ಪಣೆ ಮಾಡಿದವನು ಅವನೇ. ಅಷ್ಟೂ ಜನ ಇಷ್ಟು ಹೊತ್ತೂ ಒಂದು ಗೇಟನ್ನು ನೋಡುತ್ತಾ ನಿಂತಿದ್ದರೇ ಹೊರತು ಆ ಕಡೆ ಒಬ್ಬರೂ ತಿರುಗಿ ನೋಡಿರಲಿಲ್ಲ.

ಕಂಡಕ್ಟರ್ ಎದ್ದು ಓಡಿದ. ಅವನ ಹಿಂದೆ ಮೂಲಣ್ಣ ಓಡಿದ. ಆರೋಪಿ ಓಡಿದನೆಂದು ಪೇದೆ ಓಡಿದ. ಅವರ ಹಿಂದೆ ಬೀದಿ ಓಡಿತು. ಜೀಪು ಜನರ ನಡುವೆ ಸಿಕ್ಕಿಕೊಂಡು ಹಾರನ್ ಹೊಡೆಯುತ್ತಾ ಹಿಂದೆಯೇ ಉಳಿಯಿತು.

ಮೂಲಣ್ಣ ಓಡಿ ವರ್ಷಗಳಾಗಿದ್ದವು. ಒಂದು ಚಪ್ಪಲಿ ಎಲ್ಲೋ ಕಳಚಿಹೋಯಿತು. ಓಡುತ್ತಾ ಅವನು ಹೆಂಡತಿ ಬಾಗಿಲಲ್ಲಿ ನಿಂತದ್ದನ್ನು ನೆನಪಿಸಿಕೊಳ್ಳಲು ನೋಡಿದ. ಯಾವ ಸೀರೆ ಉಟ್ಟಿದ್ದಳು ಎಂಬುದೂ ನೆನಪಾಗಲಿಲ್ಲ. ನಾಳೆ ಯಾರಾದರೂ ಗುರುತು ಕೇಳಿದರೆ ಏನು ಹೇಳುವುದು ಎಂಬ ಯೋಚನೆ ಬಂದು ಇನ್ನೂ ಜೋರಾಗಿ ಓಡಿದ.

ಮೇನ್ ರೋಡಿನಲ್ಲಿ ಒಂದು ಲಾರಿ ಅಡ್ಡ ನಿಂತಿತ್ತು. ಸುತ್ತಲೂ ಹತ್ತಾರು ಜನ. ಡ್ರೈವರ್ ಮೊಣಕಾಲೂರಿ ಲಾರಿಯ ಕೆಳಗೆ ನೋಡುತ್ತಿದ್ದ.

ಕಂಡಕ್ಟರ್ ಅಲ್ಲೇ ನಿಂತುಬಿಟ್ಟ. ಅಣ್ಣ, ನೀವು ಹೋಗಿ ನೋಡಿ, ನನ್ನ ಕೈಲಾಗಲ್ಲ ಎಂದ. ಮೂಲಣ್ಣ ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿದು, ಜನರನ್ನು ಸರಿಸಿಕೊಂಡು ಹೋದ. ಬಗ್ಗಿದ. ಕಣ್ಣು ತೆರೆಯಲು ಧೈರ್ಯ ಸಾಲದೆ ಹಾಗೇ ಸ್ವಲ್ಪ ಹೊತ್ತು ಬಗ್ಗಿಕೊಂಡಿದ್ದ. ಕೊನೆಗೆ ತೆರೆದ.

ಲಾರಿಯ ಹಿಂದಿನ ಟೈರು ನೆಲಕ್ಕೆ ಅಂಟಿಕೊಂಡು ಕೂತಿತ್ತು. ಗಾಳಿ ಪೂರ್ತಿ ಹೋಗಿದೆ ಸಾರ್ ಎಂದ ಡ್ರೈವರ್.

ಮೂಲಣ್ಣ ಅವನ ಹೆಗಲು ಹಿಡಿದು ಮೇಲೆದ್ದ. ಎದ್ದವನಿಗೆ ಲಾರಿಯ ಆಚೆ, ರಸ್ತೆಯ ನಟ್ಟನಡುವೆ, ಡಿವೈಡರಿನ ಮೇಲೆ ಇಬ್ಬರು ಹೆಂಗಸರು ಕೂತಿರುವುದು ಕಾಣಿಸಿತು. ಒಬ್ಬಳು ಮುದುಕಿ. ಇನ್ನೊಬ್ಬಳು ಹಸಿರು ಸೀರೆ ಉಟ್ಟಿದ್ದಳು. ಹಸಿರು ಸೀರೆ ಎಂದು ಅವನು ಜೋರಾಗಿ ಹೇಳಿದ. ಲಾರಿ ಡ್ರೈವರ್ ಹೌದು ಎಂದ.

ನಿಂತ ಲಾರಿಯನ್ನು ಬಳಸಿಕೊಂಡು ಈ ಕಡೆಯೂ, ಆ ಕಡೆಯೂ ವಾಹನಗಳು ನುಗ್ಗುತ್ತಿದ್ದವು. ಕಂಡಕ್ಟರ್ ರಸ್ತೆಯ ಅಂಚಿನಲ್ಲಿ ನಿಂತು ಸೀಟಿ ಊದಿದ. ಆ ಸೀಟಿಗೆ ದಿನಾ ದೊಡ್ಡ ಬಸ್ಸೇ ನಿಲ್ಲುತ್ತಿತ್ತು, ಈಗ ಒಂದು ಸೈಕಲ್ಲೂ ನಿಲ್ಲಲಿಲ್ಲ. ಮೂಲಣ್ಣ ಮಾತ್ರ ಏನನ್ನೂ ನೋಡದೆ, ಎರಡೂ ಕಣ್ಣು ಮುಚ್ಚಿಕೊಂಡು, ಕೈ ಮುಂದಕ್ಕೆ ಚಾಚಿ ರಸ್ತೆಗೆ ಇಳಿದುಬಿಟ್ಟ. ಕಣ್ಣು ಬಿಟ್ಟುಕೊಂಡು ದಾಟುವವರಿಗೆ ಯಾರೂ ಬ್ರೇಕ್ ಹಾಕುವುದಿಲ್ಲ, ಅವರೇ ನೋಡಿಕೊಳ್ಳುತ್ತಾರೆ ಎಂಬ ಭರವಸೆ. ಕಣ್ಣು ಮುಚ್ಚಿಕೊಂಡು ಬರುವವನನ್ನು ಕಂಡರೆ ಎಂಥ ಡ್ರೈವರಿಗೂ ಜೀವ ಬಾಯಿಗೆ ಬರುತ್ತದೆ. ಬ್ರೇಕುಗಳು ಕಿರುಚಿದವು. ಬೈಗುಳಗಳು ಬಂದವು. ಮೂಲಣ್ಣ ಡಿವೈಡರಿಗೆ ಮೊಣಕಾಲು ಬಡಿದಾಗಲೇ ಕಣ್ಣು ತೆರೆದದ್ದು.

"ಹೇಳೇ ಬಂದಿದ್ದೆ," ಎಂದಳು ಹೆಂಡತಿ, ಅವನು ಬಾಯಿ ತೆರೆಯುವ ಮುಂಚೆಯೇ. "ಅಜ್ಜಿ ಗೇಟ್ ಹತ್ರ ನಿಂತಿದಾರೆ, ಒಳಗೆ ಬಿಡ್ತೀರೋ, ಇಲ್ಲ ನಾನೇ ಮೇನ್ ರೋಡ್ ದಾಟಿಸಿಕೊಂಡು ಹೋಗಲೋ ಅಂತ ಕೇಳಿದೆ. ಹೂಂ ಅಂದ್ರಿ."

ನಡೆದದ್ದು ಇಷ್ಟೇ. ಕೋಲನ್ನು ಗೇಟಿಗೆ ಒರಗಿಸಿ, ಅದರ ಬದಲು ತನ್ನ ಕೈ ಹಿಡಿಸಿಕೊಂಡು ಅವಳು ಅಜ್ಜಿಯನ್ನು ಕರೆತಂದಿದ್ದಳು. ಅರ್ಧ ರಸ್ತೆ ದಾಟುವುದರಲ್ಲಿ ಅಜ್ಜಿಯ ಕಾಲು ಸೋತಿತು. ಆಮೇಲೆ ಮುಂದಕ್ಕೆ ಹೋಗಲು ವಾಹನಗಳು ಬಿಡಲಿಲ್ಲ, ಹಿಂದಕ್ಕೆ ಬರಲೂ ಬಿಡಲಿಲ್ಲ. ಮಧ್ಯಾಹ್ನದಿಂದ ಅಲ್ಲೇ ಕೂತಿದ್ದರು. ಕಿರುಚಿದರೆ ಲಾರಿಗಳ ಸದ್ದಿನಲ್ಲಿ ಯಾರಿಗೂ ಕೇಳುತ್ತಿರಲಿಲ್ಲ. ಕೈ ಬೀಸಿದರೆ ಬಸ್ಸಿನಲ್ಲಿದ್ದವರು ತಿರುಗಿ ಕೈ ಬೀಸುತ್ತಿದ್ದರು.

ಮೂಲಣ್ಣ ಅಜ್ಜಿಯ ಕಾಲ ಹತ್ತಿರ ಕುಳಿತ. ಕಾಲುಗಳು ಊದಿಕೊಂಡಿದ್ದವು. ದಾಟಿದರೆ ಸಾಯುತ್ತಾರೆ ಅನ್ನುವ ಮಾತನ್ನು ನೀವು ನಂಬಿದಿರಾ ಎಂದು ಕೇಳಿದ.

"ಸಾಯೋದಕ್ಕೆ ನಂಗೇನು ಭಯಾನಪ್ಪ," ಎಂದಳು ಅಜ್ಜಿ. "ನಿನ್ನ ಅಂಗಳದಲ್ಲಿ ಸತ್ರೆ ಪೊಲೀಸರು ನಿನ್ನ ಸುಮ್ಮನೆ ಬಿಡ್ತಾರಾ? ನಿನಗೆ ಮಾತು ಬೇರೆ ಜಾಸ್ತಿ. ಅದಕ್ಕೇ ಈ ಕಡೆ ಬಂದೆ."

ಮೂಲಣ್ಣ ಮುಖ ಆಚೆ ತಿರುಗಿಸಿಕೊಂಡ. ಕಣ್ಣಿಗೆ ಧೂಳು ಬಿದ್ದಿರಬೇಕು ಎಂದು ಹೆಂಡತಿ ಸೆರಗು ಕೊಟ್ಟಳು.

ಜೀಪು ಬಂತು. ಸಾಹೇಬರು ಎರಡೂ ಬದಿಯ ವಾಹನಗಳನ್ನು ನಿಲ್ಲಿಸಿ ಅವರನ್ನು ಇಳಿಸಿಕೊಂಡರು. ಕಂಡಕ್ಟರ್ ತಾಯಿಯನ್ನು ಎತ್ತಿಕೊಂಡು ಬಂದು ಜೀಪಿನಲ್ಲಿ ಕೂರಿಸಿದ. ಮನೆಗೆ ಹೋಗೋಣ ಎಂದರೆ ಅಜ್ಜಿ ಕೇಳಲಿಲ್ಲ, ತಂಗಿಯ ತಲೆ ಬಾಚದೆ ಹೋಗುವುದಿಲ್ಲ ಎಂದಳು. ಸರಕಾರಿ ಜೀಪು ಹಿಂದಿನ ಬೀದಿಗೆ ಹೋಗಿ, ಒಬ್ಬ ಮುದುಕಿಯ ತಲೆ ಬಾಚಿ ಮುಗಿಯುವ ತನಕ ಕಾದು ನಿಂತಿತು. ಅಷ್ಟರಲ್ಲಿ ಸಾಹೇಬರು ಬೋರ್ಡನ್ನು ಸಾಕ್ಷಿಗೆ ಬೇಕೆಂದು ಬಿಚ್ಚಿಸಿ ತರಿಸಿಕೊಂಡರು. ಯಾವ ಕೇಸಿನ ಸಾಕ್ಷಿ ಎಂದು ಯಾರೂ ಕೇಳಲಿಲ್ಲ. ಠಾಣೆಯ ಹಿಂಭಾಗದಲ್ಲೂ ಜನ ಅಡ್ಡಹಾಯ್ದು ಹೋಗುತ್ತಿದ್ದರಂತೆ. ಈಗ ಹೋಗುತ್ತಿಲ್ಲವಂತೆ.

ತಂಗಿಯ ಮನೆಯಿಂದ ಹೊರಟಾಗ ಅಜ್ಜಿಗೆ ಜೀಪಿನಲ್ಲಿ ಮತ್ತೆ ಸುತ್ತು ಹಾಕುವ ತ್ರಾಣ ಇರಲಿಲ್ಲ. ಮೂಲಣ್ಣ ಓಡಿಹೋಗಿ ಅಂಗಳದ ಹಿಂಬಾಗಿಲು ತೆರೆದು ನಿಂತ. ಆ ಕಡೆಯ ಗೇಟಿನಾಚೆ ಬೀದಿಯೆಲ್ಲ ಕತ್ತು ಚಾಚಿ ನೋಡುತ್ತಿತ್ತು. ಅಜ್ಜಿ ಹೊಸ್ತಿಲಲ್ಲಿ ನಿಂತುಬಿಟ್ಟಳು. ಬನ್ನಿ ಎಂದು ಅವನು ಕೈ ಚಾಚಿದ. ಒಂದು ಕಡೆ ಮಗ, ಒಂದು ಕಡೆ ಮೂಲಣ್ಣ, ಅಜ್ಜಿ ಒಂದೊಂದೇ ಹೆಜ್ಜೆ ಇಟ್ಟಳು. ಅಂಗಳದ ನಡುವೆ ಬಂದಾಗ ಅವಳ ಕಣ್ಣು ಮುಚ್ಚಿಕೊಂಡವು, ಹಾಗೇ ಅಡುಗೆಮನೆಯ ಮೆಟ್ಟಿಲ ಮೇಲೆ ಕುಸಿದಳು. ಗೇಟಿನಾಚೆ ಟೈಲರಮ್ಮ ಬಾಯಿಗೆ ಕೈ ಇಟ್ಟುಕೊಂಡಳು. ಕಂಡಕ್ಟರ್ ಅಮ್ಮ ಎಂದ.

ಅಜ್ಜಿ ಕಣ್ಣು ಬಿಟ್ಟು ನೀರು ಕೇಳಿದಳು. ಮೂಲಣ್ಣನ ಹೆಂಡತಿ ಲೋಟ ತರಲು ಒಳಗೆ ಹೋದಳು.

"ಅದೇನೋ ಒಂದು ಮಾತು ಬರೆಸಿದ್ಯಲ್ಲ," ಎಂದಳು ಅಜ್ಜಿ, ಮೂಲಣ್ಣನನ್ನೇ ನೋಡುತ್ತಾ. "ಅದರ ಮೂಲ ಏನೋ ನಿಂಗೆ ಗೊತ್ತಂತೆ. ನನ್ನ ಮಗನಿಗೂ ಹೇಳಿದೆ, ಪೊಲೀಸರಿಗೂ ಹೇಳಿದೆ. ನನಗೂ ಹೇಳು ಕೇಳ್ತೀನಿ. ಏನದರ ಅರ್ಥ?"

ಅಂಗಳದಲ್ಲಿದ್ದವರು, ಗೇಟಿನಾಚೆ ಇದ್ದವರು, ಎಲ್ಲರೂ ಮೂಲಣ್ಣನ ಬಾಯಿ ನೋಡಿದರು. ಆ ಬಾಯಿ ತೆರೆಯಿತು. ಹಳೇ ಫ್ರೆಂಚು ಗಂಟಲಿನ ತನಕ ಬಂದು ನಿಂತಿದ್ದು ಕತ್ತಿನ ನರದಲ್ಲಿ ಕಾಣುತ್ತಿತ್ತು. ಅವನು ಎಂಜಲು ನುಂಗಿದ. ಇನ್ನೊಂದು ಸಲ ನುಂಗಿದ.

"ಗೊತ್ತಿಲ್ಲ ಅಜ್ಜಿ," ಎಂದ.

ಅಡುಗೆಮನೆಯೊಳಗೆ ಲೋಟ ಕೈತಪ್ಪಿ ನೆಲಕ್ಕೆ ಬಿದ್ದು, ಉರುಳಿಕೊಂಡು ಹೋದ ಸದ್ದು ಕೇಳಿಸಿತು.